ಪ್ರೊಟೊಜೋವಾ ಸ್ಲೈಡ್ ಬಾಕ್ಸ್: ಸ್ಲೈಡ್ ಕಣ್ಣಿಗೆ ಹಬ್ಬ, ಕೈಪಿಡಿ ಮಾತ್ರ ತುಂಬಾ ಹಳೇದು

ಮೊದಲೇ ಹೇಳಿಬಿಡುತ್ತೇನೆ. ಈ ಬಾಕ್ಸ್ ಕೊಳ್ಳಬಹುದು, ಧೈರ್ಯವಾಗಿ ಕೊಳ್ಳಬಹುದು. ಏಕಕೋಶ ಜೀವಿಗಳ 25 ಸಿದ್ಧ ಸ್ಲೈಡ್‌ಗಳಿವೆ. ಬಹುಪಾಲು ಸ್ಲೈಡ್‌ಗಳನ್ನು ಶ್ರದ್ಧೆಯಿಂದ ಮಾಡಿದ್ದಾರೆ. ಆದರೆ ಜೊತೆಗೆ ಬರುವ ಕೈಪಿಡಿಯನ್ನು ನಂಬಿ ಪಾಠ ಮಾಡಬೇಡಿ. ಅದರಲ್ಲಿರುವ ವರ್ಗೀಕರಣ ನೂರು ವರ್ಷಕ್ಕೂ ಹಳೆಯದು. ಅದಕ್ಕಿಂತ ಬೇಸರದ ವಿಷಯ ಇನ್ನೊಂದಿದೆ. ಇದೇ ಬಾಕ್ಸ್‌ನ ಸ್ಲೈಡ್‌ಗಳನ್ನು ಗಮನವಿಟ್ಟು ನೋಡಿದರೆ ಸಾಕು, ಕೈಪಿಡಿ ಎಲ್ಲೆಲ್ಲಿ ತಪ್ಪಿದೆ ಅನ್ನೋದು ಅಲ್ಲೇ ಕಾಣುತ್ತದೆ.

ನಾನು ಪ್ರಾಣಿಶಾಸ್ತ್ರ ಕಲಿಸುವವಳು. ಪ್ರಯೋಗಾಲಯದಲ್ಲಿ ಮಕ್ಕಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಮೇಡಂ, ಇದು ಯಾವ ಗುಂಪಿಗೆ ಸೇರಿದ್ದು?" ಅದಕ್ಕೆ ಸರಿಯಾದ ಉತ್ತರ ಕೊಡಲು ಆಗುತ್ತಾ ಅನ್ನೋದೇ ನನಗೆ ಇಂಥ ಬಾಕ್ಸ್‌ನ ನಿಜವಾದ ಪರೀಕ್ಷೆ. ತಯಾರಕರ ಹೆಸರು ಇಲ್ಲಿ ಹಾಕುತ್ತಿಲ್ಲ. ಇದೇ ಬಗೆಯ ಕೈಪಿಡಿ ಬೇರೆಯವರ ಬಾಕ್ಸ್‌ಗಳ ಜೊತೆಗೂ ಬರುತ್ತದೆ. ಹಾಗಾಗಿ ಇಲ್ಲಿ ಹೇಳುವುದು ಅವಕ್ಕೂ ಅನ್ವಯಿಸುತ್ತದೆ.

ಬಾಕ್ಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಸ್ಲೈಡ್ ನಿಲ್ಲಿಸಲು ಗೀರುಗಳಿವೆ, ಮುಚ್ಚಳ ಗಟ್ಟಿಯಾಗಿ ಕೂರುತ್ತದೆ. ಸ್ಲೈಡ್‌ಗಳು ಮಾಮೂಲಿ 75 ಮಿ.ಮೀ. ಉದ್ದ, 25 ಮಿ.ಮೀ. ಅಗಲದವು. ಅಂಚು ಉಜ್ಜಿದ್ದಾರೆ, ಬೆರಳು ಕೊಯ್ಯುವುದಿಲ್ಲ. ಲೇಬಲ್ ಅಚ್ಚುಕಟ್ಟಾಗಿದೆ. ಆದರೆ ಯಾವ ಬಣ್ಣ ಹಾಕಿದ್ದಾರೆ ಅನ್ನೋದನ್ನು ಅರ್ಧದಷ್ಟು ಸ್ಲೈಡ್‌ಗಳ ಮೇಲೆ ಬರೆದೇ ಇಲ್ಲ. ಅದನ್ನು ಬರೆಯಬೇಕಿತ್ತು.

ಈಗ ಸ್ಲೈಡ್‌ಗಳಿಗೆ ಬರೋಣ. ಮೊದಲನೆಯದು ಅಮೀಬಾ ಪ್ರೋಟಿಯಸ್. ಇದರಲ್ಲೇ ಬಾಕ್ಸ್‌ನ ಗುಣಮಟ್ಟ ಗೊತ್ತಾಗುತ್ತದೆ. ಕಡಿಮೆ ದರ್ಜೆಯ ಸ್ಲೈಡ್‌ಗಳಲ್ಲಿ ಅಮೀಬಾ ಮುದುಡಿ ಗುಂಡಗಾಗಿರುತ್ತದೆ. ಗುಲಾಬಿ ಬಣ್ಣದ ಒಂದು ಕಲೆಯ ಹಾಗೆ ಕಾಣುತ್ತದೆ ಅಷ್ಟೆ. ಇಲ್ಲಿ ಹಾಗಿಲ್ಲ. ನನ್ನ ಸ್ಲೈಡಿನಲ್ಲಿ ನಾಲ್ಕು ಅಮೀಬಾಗಳಿವೆ. ಅದರಲ್ಲಿ ಎರಡು ಅಮೀಬಾಗಳು ಮಿಥ್ಯಾಪಾದಗಳನ್ನು, ಅಂದರೆ ಓಡಾಡಲು ಚಾಚುವ ಮೈಯ ಭಾಗಗಳನ್ನು, ಪೂರ್ತಿ ಚಾಚಿಕೊಂಡೇ ಇವೆ. 10ರ ಲೆನ್ಸ್‌ನಲ್ಲಿ ಇಡೀ ಆಕಾರ ಸಿಗುತ್ತದೆ. 40ರ ಲೆನ್ಸ್‌ಗೆ ಹೋದರೆ ಮಿಥ್ಯಾಪಾದದ ತುದಿಯಲ್ಲಿ ತಿಳಿಯಾದ ಅಂಚು, ಅದರ ಹಿಂದೆ ಹರಳು ಹರಳಾದ ಒಳದ್ರವ, ನಡುವೆ ತಟ್ಟೆಯಾಕಾರದ ಕೋಶಕೇಂದ್ರ, ಪಕ್ಕದಲ್ಲಿ ಆಹಾರ ತುಂಬಿದ ರಸದಾನಿಗಳು. ಒಂದು ರಸದಾನಿಯೊಳಗೆ ನುಂಗಿದ ಸಣ್ಣ ಜೀವಿಯ ಆಕಾರ ಇನ್ನೂ ಕರಗಿಲ್ಲ. ಕೋಶ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಉದ್ದ. ಸ್ಲೈಡನ್ನು ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಚುಕ್ಕಿಯಾಗಿ ಕಾಣುತ್ತದೆ. ಇದೊಂದು ಸ್ಲೈಡಿಗಾಗಿಯೇ ಬಾಕ್ಸ್ ತೆಗೆದುಕೊಂಡರೂ ನಷ್ಟವಿಲ್ಲ.

ಕರುಳಿನಲ್ಲಿ ವಾಸಿಸುವ ಎಂಟಮೀಬಾದ ಸ್ಲೈಡ್‌ಗಳು ಮೂರಿವೆ. ಆಮಶಂಕೆ ತರುವ ಎಂಟಮೀಬಾ ಹಿಸ್ಟೊಲಿಟಿಕಾದ ಓಡಾಡುವ ಹಂತ, ಅದರ ಕೋಶಗೂಡು ಅಂದರೆ ಸಿಸ್ಟ್, ಮತ್ತು ಎಂಟಮೀಬಾ ಕೋಲಿಯ ಸಿಸ್ಟ್. ಬಣ್ಣ ಐರನ್ ಹೆಮಟಾಕ್ಸಿಲಿನ್, ಹಿತವಾಗಿ ಹಾಕಿದ್ದಾರೆ. ಬಲಿತ ಸಿಸ್ಟ್‌ನಲ್ಲಿ ಹಿಸ್ಟೊಲಿಟಿಕಾಗೆ ನಾಲ್ಕು ಕೋಶಕೇಂದ್ರ, ಕೋಲಿಗೆ ಎಂಟು. ಫೋಕಸ್ ಮೇಲೆ ಕೆಳಗೆ ಮಾಡುತ್ತಾ ಎಣಿಸಬೇಕು, ಎಲ್ಲವೂ ಒಂದೇ ಮಟ್ಟದಲ್ಲಿ ಇರೋದಿಲ್ಲ. ಮಕ್ಕಳಿಗೆ ಎಣಿಸಲು ಬಿಡಿ, ಅವರೇ ಗುರುತು ಹಿಡಿಯುತ್ತಾರೆ.

ಆದರೆ ಒಂದು ವಿಷಯ. ಹಿಸ್ಟೊಲಿಟಿಕಾದ ಸಿಸ್ಟ್‌ಗೂ ಎಂಟಮೀಬಾ ಡಿಸ್ಪಾರ್ ಅನ್ನೋ ನಿರುಪದ್ರವಿ ಪ್ರಭೇದದ ಸಿಸ್ಟ್‌ಗೂ ಮೈಕ್ರೋಸ್ಕೋಪಿನಲ್ಲಿ ಏನೂ ವ್ಯತ್ಯಾಸ ಕಾಣೋದಿಲ್ಲ. ಇವೆರಡೂ ಬೇರೆ ಬೇರೆ ಅಂತ ಫ್ರಾನ್ಸಿನ ಎಮಿಲ್ ಬ್ರುಂಪ್ಟ್ 1925ರಲ್ಲೇ ಹೇಳಿದ್ದ. ಬಹಳ ಜನ ಒಪ್ಪಲಿಲ್ಲ. ಕಿಣ್ವ, ಜೀನ್‌ಗಳ ಸಾಕ್ಷ್ಯ ಸೇರಿಸಿ 1993ರಲ್ಲಿ ಎರಡನ್ನೂ ಅಧಿಕೃತವಾಗಿ ಬೇರೆ ಮಾಡಲಾಯಿತು. ಹಾಗಾಗಿ ಸಿಸ್ಟ್ ಸ್ಲೈಡ್ ಮೇಲೆ ಬರೀ "ಹಿಸ್ಟೊಲಿಟಿಕಾ" ಅಂತ ಇದ್ದರೆ ಅದನ್ನು ಅರ್ಧ ಮಾತ್ರ ನಂಬಬೇಕು. ಓಡಾಡುವ ಹಂತದ ಸ್ಲೈಡ್‌ನಲ್ಲಿ ಮಾತ್ರ ಒಂದು ಭರವಸೆ ಇದೆ. ಅದರ ಕೆಲವು ಕೋಶಗಳ ಒಳಗೆ ನುಂಗಿದ ಕೆಂಪು ರಕ್ತಕಣಗಳು ಸ್ಪಷ್ಟವಾಗಿ ಕಾಣುತ್ತವೆ. ಅಂಥ ಕೋಶ ಸಿಕ್ಕರೆ ಅದು ಹಿಸ್ಟೊಲಿಟಿಕಾ ಅನ್ನೋದಕ್ಕೆ ಬಲವಾದ ಗುರುತು. ಕೈಪಿಡಿಯಲ್ಲಿ ಈ ವಿಷಯದ ಸುಳಿವೇ ಇಲ್ಲ.

ಕೈಪಿಡಿಯ ಕತೆ ಹೀಗಿದೆ. ಅದು ಇಡೀ ಬಾಕ್ಸನ್ನು ನಾಲ್ಕು ಗುಂಪು ಮಾಡುತ್ತದೆ. ಮಿಥ್ಯಾಪಾದ ಇರುವವೆಲ್ಲ ಸಾರ್ಕೊಡಿನಾ. ಚಾಟಿಯಂಥ ಕಶಾಂಗ ಇರುವವು ಮ್ಯಾಸ್ಟಿಗೊಫೊರಾ. ಮೈತುಂಬ ಕೂದಲಿನಂಥ ಲೋಮಾಂಗ ಇರುವವು ಸಿಲಿಯೇಟಾ. ಚಲನೆಯ ಅಂಗ ಯಾವುದೂ ಇಲ್ಲದ ಪರಾವಲಂಬಿಗಳು ಸ್ಪೊರೊಜೋವಾ. ಅಂದರೆ ಹೇಗೆ ಓಡಾಡುತ್ತದೆ ಅನ್ನೋದರ ಮೇಲೆ ಗುಂಪು. 1880ರ ದಶಕದಲ್ಲಿ ಜರ್ಮನಿಯ ಓಟ್ಟೊ ಬ್ಯೂಚ್ಲಿ ಇಂಥದ್ದೇ ನಾಲ್ಕು ಗುಂಪು ಮಾಡಿದ್ದ. ಆ ಕಾಲಕ್ಕೆ ಅದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಕೈಯಲ್ಲಿ ಇದ್ದದ್ದು ಬೆಳಕಿನ ಮೈಕ್ರೋಸ್ಕೋಪ್ ಮಾತ್ರ. ಅದರಲ್ಲಿ ಎದ್ದು ಕಾಣೋದು ಆಕಾರ ಮತ್ತು ಚಲನೆ.

ಅದಕ್ಕಿಂತ ಹಿಂದಿನ ಪರಿಸ್ಥಿತಿ ನೋಡಿದರೆ ಬ್ಯೂಚ್ಲಿಯ ಮೇಲೆ ಗೌರವ ಇನ್ನೂ ಹೆಚ್ಚುತ್ತದೆ. 1755ರಲ್ಲಿ ರೋಸೆಲ್ ಫಾನ್ ರೋಸೆನ್‌ಹಾಫ್ ಅಮೀಬಾದ ಚಿತ್ರ ಬರೆದು ಮೊದಲು ವರ್ಣಿಸಿದ. ಜೀವಿಗಳಿಗೆಲ್ಲ ಎರಡು ಪದದ ಹೆಸರು ಕೊಟ್ಟ ಲಿನೇಯಸ್‌ಗೆ ಅದನ್ನು ಎಲ್ಲಿಡಬೇಕು ಅನ್ನೋದು ಹೊಳೆಯಲಿಲ್ಲ. ಹುಳುಗಳ ವರ್ಗದಲ್ಲಿ ಸೇರಿಸಿಬಿಟ್ಟ. ಜೀವಿಗಳೆಂದರೆ ಒಂದೋ ಗಿಡ, ಇಲ್ಲವೇ ಪ್ರಾಣಿ, ಮೂರನೆಯದು ಇಲ್ಲ ಅನ್ನೋ ಕಾಲ ಅದು. 1866ರಲ್ಲಿ ಅರ್ನ್‌ಸ್ಟ್ ಹೆಕಲ್ ಪ್ರೊಟಿಸ್ಟಾ ಅಂತ ಮೂರನೇ ಸಾಮ್ರಾಜ್ಯ ಮಾಡಿದ. 1969ರಲ್ಲಿ ರಾಬರ್ಟ್ ವಿಟ್ಟೇಕರ್ ಐದು ಸಾಮ್ರಾಜ್ಯಗಳ ಪದ್ಧತಿ ಕೊಟ್ಟ. ನಮ್ಮಲ್ಲಿ ಹೆಚ್ಚಿನವರು ಓದಿ ಬಂದದ್ದು ಅದನ್ನೇ. ಅದರಲ್ಲೂ ಪ್ರೊಟಿಸ್ಟಾ ಅಂದರೆ "ಗಿಡ ಅಲ್ಲ, ಪ್ರಾಣಿ ಅಲ್ಲ, ಶಿಲೀಂಧ್ರ ಅಲ್ಲ, ಬ್ಯಾಕ್ಟೀರಿಯಾನೂ ಅಲ್ಲ" ಅನ್ನುವ ಉಳಿಕೆಯ ಗುಂಪು. ಉಳಿದದ್ದನ್ನೆಲ್ಲ ಒಂದು ಕಡೆ ಇಟ್ಟ ಮಾತ್ರಕ್ಕೆ ಅವು ಒಂದೇ ಕುಟುಂಬ ಆಗೋದಿಲ್ಲ, ಅಲ್ವಾ?

ಕೈಪಿಡಿ ಎಲ್ಲಿ ಮುಗ್ಗರಿಸುತ್ತದೆ ಅಂತ ನೋಡಲು 19ನೇ ಸ್ಲೈಡ್ ತೆಗೆಯಿರಿ. ಓಪಲೈನಾ. ಕಪ್ಪೆಯ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ವಾಸಿಸುವ ಜೀವಿ. ಚಪ್ಪಟೆ ಎಲೆಯಂಥ ಮೈ, ಮೈಮೇಲೆ ಓರೆ ಸಾಲುಗಳಲ್ಲಿ ಕೂದಲಿನಂಥ ಎಳೆಗಳು. ಕೈಪಿಡಿ ಇದನ್ನು ಪ್ಯಾರಮೀಸಿಯಂ ಜೊತೆ ಸಿಲಿಯೇಟಾದಲ್ಲಿ ಹಾಕಿದೆ. ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ಈಗ 40ರ ಲೆನ್ಸ್‌ನಲ್ಲಿ ಒಳಗಡೆ ನೋಡಿ. ಮೈತುಂಬ ಕೋಶಕೇಂದ್ರಗಳು, ಎಲ್ಲವೂ ಒಂದೇ ಅಳತೆ, ಒಂದೇ ಬಗೆ. ಬಾಯಿ ಎಲ್ಲೂ ಇಲ್ಲ. ಪಕ್ಕದ ಪ್ಯಾರಮೀಸಿಯಂ ಸ್ಲೈಡ್ ಹಾಕಿ. ಅಲ್ಲಿ ಒಂದು ದೊಡ್ಡ ಕೋಶಕೇಂದ್ರ, ಪಕ್ಕದಲ್ಲಿ ಒಂದು ಪುಟ್ಟದು. ಬಾಯಿಯ ತೋಡು ಓರೆಯಾಗಿ ಒಳಗಿಳಿದಿದೆ. ಈ ದೊಡ್ಡ-ಚಿಕ್ಕ ಜೋಡಿ ಸಿಲಿಯೇಟ್‌ಗಳ ಹೆಗ್ಗುರುತು. ದೊಡ್ಡದು ದಿನನಿತ್ಯದ ಕೆಲಸಕ್ಕೆ, ಚಿಕ್ಕದು ವಂಶಕ್ಕೆ. ಓಪಲೈನಾದಲ್ಲಿ ಅದು ಇಲ್ಲ. ಅದರ ನಿಜವಾದ ನೆಂಟರು ಯಾರು ಗೊತ್ತಾ? ಡಯಾಟಂಗಳು, ಸಮುದ್ರದ ಕಂದು ಪಾಚಿಗಳು ಇರುವ ಸ್ಟ್ರಾಮೆನೊಪೈಲ್ ಗುಂಪು. ಇದನ್ನು ಖಚಿತ ಮಾಡಿದ್ದು ಸೂಕ್ಷ್ಮ ರಚನೆ ಮತ್ತು ಜೀನ್‌ಗಳ ಅಧ್ಯಯನ. ಆದರೆ ಸಿಲಿಯೇಟ್ ಅಲ್ಲ ಅನ್ನೋ ಮೊದಲ ಅನುಮಾನ ಈ ಸ್ಲೈಡಿನಲ್ಲೇ ಸಿಗುತ್ತದೆ. ಎರಡು ಸ್ಲೈಡ್ ಇಷ್ಟು ಚೆನ್ನಾಗಿ ಮಾಡಿ, ಅದರ ಪಕ್ಕದಲ್ಲಿ ತಪ್ಪು ಗುಂಪಿನ ಹೆಸರು ಅಚ್ಚು ಹಾಕಿದ್ದಾರಲ್ಲ, ಅದೇ ನನಗೆ ನೋವು.

ಸಾರ್ಕೊಡಿನಾ ವಿಭಾಗದಲ್ಲಿ ಗೊಂದಲ ಇನ್ನೂ ಜಾಸ್ತಿ. ಹನ್ನೊಂದು ಸ್ಲೈಡ್ ಅಲ್ಲಿವೆ. ಅವೆಲ್ಲ ಒಂದೇ ಬುಡದಿಂದ ಬಂದವು ಅನ್ನೋ ಹಾಗೆ ಕೈಪಿಡಿ ಬರೆದಿದೆ. ನಿಜ ಹೇಳಬೇಕೆಂದರೆ ಜೀವವೃಕ್ಷದ ಬೇರೆ ಬೇರೆ ಕೊಂಬೆಗಳಲ್ಲಿ ಅಮೀಬಾದ ರೂಪ ಮತ್ತೆ ಮತ್ತೆ ಹುಟ್ಟಿದೆ. ಅಮೀಬಾ ಆಗಿರೋದು ಒಂದು ಬದುಕುವ ರೀತಿ. ಒಂದೇ ವಂಶದ ಗುರುತಲ್ಲ.

ಚಿಪ್ಪಿರುವ ಮೂರು ಅಮೀಬಾಗಳನ್ನೇ ತೆಗೆದುಕೊಳ್ಳಿ: ಆರ್ಸೆಲ್ಲಾ, ಡಿಫ್ಲುಜಿಯಾ, ಯೂಗ್ಲೈಫಾ. ಮೂರೂ ಒಂದು ಬಾಯಿಯ ಗೂಡಿನೊಳಗೆ ಕೂತು, ಬಾಯಿಯಿಂದ ಮಿಥ್ಯಾಪಾದ ಚಾಚುವ ಜೀವಿಗಳು. ಆರ್ಸೆಲ್ಲಾದ ಗೂಡು ಕಂದು ಬಣ್ಣದ್ದು. ಮೇಲಿನಿಂದ ನೋಡಿದರೆ ನಡುವೆ ದುಂಡು ತೂತು. ಅದು ತನ್ನದೇ ಸಾವಯವ ವಸ್ತುವಿನಿಂದ ಕಟ್ಟಿಕೊಂಡದ್ದು. ಡಿಫ್ಲುಜಿಯಾ ಸುತ್ತಲಿನ ಮರಳಿನ ಕಣ ಆರಿಸಿ ಅಂಟಿಸಿಕೊಂಡಿರುತ್ತದೆ. ಈ ಸ್ಲೈಡಿನಲ್ಲಿ ಒಂದೊಂದು ಕಣವೂ ಬೇರೆ ಬೇರೆ ಅಳತೆ, ಬೇರೆ ಬೇರೆ ಹೊಳಪು. ಯೂಗ್ಲೈಫಾ ಹಾಗಲ್ಲ. ಅದು ಸಿಲಿಕಾದ ತೆಳು ಬಿಲ್ಲೆಗಳನ್ನು ತನ್ನ ಕೋಶದೊಳಗೇ ತಯಾರಿಸಿ ಹೊರಗೆ ಜೋಡಿಸುತ್ತದೆ. 40ರ ಲೆನ್ಸ್‌ನಲ್ಲಿ ಡಯಾಫ್ರಂ ಸ್ವಲ್ಪ ಮುಚ್ಚಿ ನೋಡಿದರೆ ಆ ಬಿಲ್ಲೆಗಳು ಒಂದರ ಮೇಲೊಂದು ಹಂಚು ಹೊದಿಸಿದ ಹಾಗೆ ಸಾಲಾಗಿ ಕಾಣುತ್ತವೆ. ಎಲ್ಲವೂ ಒಂದೇ ಅಳತೆ. ಜೀವಂತ ಇದ್ದಾಗ ಇನ್ನೊಂದು ವ್ಯತ್ಯಾಸ ಕಾಣುತ್ತದೆ. ಆರ್ಸೆಲ್ಲಾ, ಡಿಫ್ಲುಜಿಯಾಗಳ ಮಿಥ್ಯಾಪಾದ ದಪ್ಪ, ಬೆರಳಿನಂತೆ. ಯೂಗ್ಲೈಫಾದ್ದು ದಾರದಂತೆ ಸಣ್ಣ. ಸಿದ್ಧ ಸ್ಲೈಡಿನಲ್ಲಿ ಅದು ಒಳಗೆ ಎಳೆದುಕೊಂಡಿರುತ್ತದೆ, ತಯಾರಕರನ್ನು ದೂರುವಂತಿಲ್ಲ. ಮೊದಲ ಎರಡು ಅಮೀಬೊಜೋವಾ ಗುಂಪಿನವು, ಅಂದರೆ ಅಮೀಬಾ ಪ್ರೋಟಿಯಸ್‌ನ ನೆಂಟರು. ಯೂಗ್ಲೈಫಾ ರೈಜೇರಿಯಾ ಅನ್ನೋ ಬೇರೆಯೇ ಗುಂಪಿನದು. ಗೂಡು ಕಟ್ಟುವ ವಿದ್ಯೆ ಎರಡೂ ಕಡೆ ಪ್ರತ್ಯೇಕವಾಗಿ ಬಂದಿದೆ. ಈ ಮೂರು ಸ್ಲೈಡ್ ಒಟ್ಟಿಗೆ ಇಟ್ಟವರಿಗೆ ನನ್ನ ಮೆಚ್ಚುಗೆ. ವರ್ಗೀಕರಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜೋಡಣೆ ಸಿಗೋದು ಕಷ್ಟ.

ರೈಜೇರಿಯಾದ ಇನ್ನೆರಡು ಸ್ಲೈಡ್ ಫೊರಾಮಿನಿಫೆರಾ ಮತ್ತು ರೇಡಿಯೊಲೇರಿಯಾ. ಎರಡೂ ಕಡೆ ಬರೀ ಚಿಪ್ಪುಗಳನ್ನು ಉದುರಿಸಿ ಇಟ್ಟಿದ್ದಾರೆ. ಫೊರಾಮಿನಿಫೆರಾದ ಸುಣ್ಣದ ಕೋಣೆಗಳು ಸುರುಳಿ ಸುತ್ತಿಕೊಂಡಿವೆ. ರೇಡಿಯೊಲೇರಿಯಾದ ಸಿಲಿಕಾ ಜಾಲರಿ ಕಣ್ಣು ತೆಗೆಯಲು ಬಿಡೋದಿಲ್ಲ. (ಗೀಜಾದ ಪಿರಮಿಡ್‌ಗಳ ಸುಣ್ಣದಕಲ್ಲಿನಲ್ಲಿ ತುಂಬಿರುವ ನುಮ್ಯುಲೈಟ್‌ಗಳೂ ಫೊರಾಮಿನಿಫೆರಾಗಳೇ. ಒಂದೇ ಒಂದು ಕೋಶದ ಜೀವಿಗಳ ಚಿಪ್ಪು ಅಷ್ಟು ದೊಡ್ಡ ಕಟ್ಟಡಕ್ಕೆ ಕಲ್ಲಾಗಿದೆ!) ಆ್ಯಕ್ಟಿನೊಸ್ಫೀರಿಯಂ ಇನ್ನೊಂದು ದಾರಿ. ಸುತ್ತಲೂ ಸೂರ್ಯನ ಕಿರಣದಂಥ ಎಳೆಗಳಿರುವ ಇದು ನೋಡಲು ರೇಡಿಯೊಲೇರಿಯಾ ತರಹವೇ ಇದೆ. ಆದರೆ ಸ್ಟ್ರಾಮೆನೊಪೈಲ್ ಗುಂಪಿಗೆ ಸೇರಿದ್ದು, ಓಪಲೈನಾ ಇರುವ ಕಡೆಗೆ.

ನೆಗ್ಲೇರಿಯಾ ಸ್ಲೈಡ್ ನೋಡಿ ನನಗೆ ಖುಷಿಯಾಯಿತು. ಸಾಮಾನ್ಯವಾಗಿ ಇಂಥ ಬಾಕ್ಸ್‌ಗಳಲ್ಲಿ ಅದು ಇರೋದಿಲ್ಲ. ಇದು ನೆಗ್ಲೇರಿಯಾ ಗ್ರೂಬೆರಿ, ರೋಗ ತರುವುದಿಲ್ಲ. ಮಿದುಳಿಗೆ ಹೋಗುವ ಅಪಾಯಕಾರಿ ಪ್ರಭೇದ ನೆಗ್ಲೇರಿಯಾ ಫೌಲೆರಿ. ಕೈಪಿಡಿ ಇದನ್ನು ಅಮೀಬಾ ಪ್ರೋಟಿಯಸ್‌ನ ಪಕ್ಕದಲ್ಲೇ ಕೂರಿಸಿದೆ. ಸ್ಲೈಡಿನಲ್ಲಿ ಅದು ಪುಟ್ಟ ಅಮೀಬಾ ಥರವೇ ಇದೆ, ಒಂದು ಕೋಶಕೇಂದ್ರ, ಅದರೊಳಗೆ ದಪ್ಪನೆಯ ಒಂದು ಚುಕ್ಕಿ. ಆದರೆ ಜೀವಂತ ನೆಗ್ಲೇರಿಯಾವನ್ನು ಆಹಾರವಿಲ್ಲದ ಶುದ್ಧ ನೀರಿಗೆ ಹಾಕಿದರೆ ಒಂದೂವರೆ ಗಂಟೆಯೊಳಗೆ ರೂಪ ಬದಲಾಗುತ್ತದೆ. ಅಮೀಬಾದ ಆಕಾರ ಹೋಗಿ ಉದ್ದುದ್ದದ ಕೋಶ ಬರುತ್ತದೆ, ಸಾಮಾನ್ಯವಾಗಿ ಎರಡು ಕಶಾಂಗ ಮೂಡುತ್ತವೆ, ಈಜಲು ಶುರು ಮಾಡುತ್ತದೆ. ಆಮೇಲೆ ಮತ್ತೆ ಅಮೀಬಾ ಆಗುತ್ತದೆ. ಈಗ ಹೇಳಿ, ಕೈಪಿಡಿಯ ಪ್ರಕಾರ ಇದು ಸಾರ್ಕೊಡಿನಾನಾ, ಮ್ಯಾಸ್ಟಿಗೊಫೊರಾನಾ? ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಇನ್ನೊಂದು ಗುಂಪು ಅಂತ ಹೇಳಲಾಗುತ್ತಾ?

ನೆಗ್ಲೇರಿಯಾದ ಹತ್ತಿರದ ಬಳಗದಲ್ಲಿ ಬರೋದು ಯೂಗ್ಲೀನಾ, ಟ್ರಿಪನೊಸೋಮಾ, ಲೀಶ್ಮೇನಿಯಾ. ಇವೆಲ್ಲ ಡಿಸ್ಕೋಬಾ ಅನ್ನೋ ಗುಂಪು. ಒಂದು ಹಸಿರು, ಒಂದು ಅಮೀಬಾ, ಎರಡು ರಕ್ತ ಅಥವಾ ಅಂಗಾಂಶದ ಪರಾವಲಂಬಿ. ಹೊರಗಿನಿಂದ ಹೋಲಿಕೆ ಹುಡುಕಿದರೆ ಏನೂ ಸಿಗೋದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅವುಗಳ ಮೈಟೊಕಾಂಡ್ರಿಯಾ ನೋಡಿದಾಗ ಗುಟ್ಟು ಹೊರಬಂತು. ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿ ಮಡಿಕೆಗಳಿರುತ್ತವೆ. ಪ್ರಾಣಿಗಳಲ್ಲಿ ಆ ಮಡಿಕೆ ಚಪ್ಪಟೆ. ಅಮೀಬಾ ಪ್ರೋಟಿಯಸ್‌ನಲ್ಲಿ ಕೊಳವೆಯಂತೆ. ಈ ಗುಂಪಿನಲ್ಲಿ ಮಾತ್ರ ಸಣ್ಣ ತೊಟ್ಟಿರುವ ಬಿಲ್ಲೆಯಂತೆ. ಆಮೇಲೆ ಜೀನ್‌ಗಳ ಹೋಲಿಕೆಯೂ ಅದನ್ನೇ ಹೇಳಿತು. ಇಷ್ಟು ಒಳ್ಳೆಯ ಸಾಕ್ಷ್ಯ ಇರುವಾಗ ಕೈಪಿಡಿಯಲ್ಲಿ ಒಂದು ಚಿತ್ರ ಹಾಕಿದ್ದರೆ ಸಾಕಿತ್ತು. ಟ್ರಿಪನೊಸೋಮಾ ಮತ್ತು ಲೀಶ್ಮೇನಿಯಾ ಸ್ಲೈಡ್‌ಗಳನ್ನು ಮಾತ್ರ ಇದೇ ಬಾಕ್ಸ್‌ನಲ್ಲಿ ಹೋಲಿಸಬಹುದು. ಜೀಮ್ಸಾ ಬಣ್ಣದಲ್ಲಿ ಕೋಶಕೇಂದ್ರವಲ್ಲದೆ ಇನ್ನೊಂದು ಪುಟ್ಟ ಗಾಢ ಚುಕ್ಕಿ ಎರಡರಲ್ಲೂ ಕಾಣುತ್ತದೆ. ಅದು ಕೈನೆಟೊಪ್ಲಾಸ್ಟ್, ಮೈಟೊಕಾಂಡ್ರಿಯದೊಳಗೆ ಒಟ್ಟುಗೂಡಿದ ಡಿಎನ್‌ಎ. ಅದನ್ನು ನೋಡಲು ಆಯಿಲ್ ಇಮ್ಮರ್ಶನ್ ಲೆನ್ಸ್ ಬೇಕೇ ಬೇಕು.

ಹಾಗಾಗಿ ನಾನು ಬಾಕ್ಸ್‌ನ ಸ್ಲೈಡ್‌ಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದ್ದೇನೆ. ಅಮೀಬಾ ಪ್ರೋಟಿಯಸ್, ಮೂರು ಎಂಟಮೀಬಾ, ಆರ್ಸೆಲ್ಲಾ, ಡಿಫ್ಲುಜಿಯಾ ಒಂದು ಕಡೆ, ಅದು ಅಮೀಬೊಜೋವಾ. ಯೂಗ್ಲೈಫಾ, ಫೊರಾಮಿನಿಫೆರಾ, ರೇಡಿಯೊಲೇರಿಯಾ ರೈಜೇರಿಯಾಕ್ಕೆ. ಪ್ಯಾರಮೀಸಿಯಂ, ವೋರ್ಟಿಸೆಲ್ಲಾ, ಮಲೇರಿಯಾ ತರುವ ಪ್ಲಾಸ್ಮೋಡಿಯಂ, ಸಮುದ್ರದಲ್ಲಿ ಮಿಣುಕುವ ನಾಕ್ಟಿಲೂಕಾ ಇವಿಷ್ಟೂ ಆಲ್ವಿಯೊಲೇಟಾ. ಇವುಗಳ ಹೊರಪೊರೆಯ ಕೆಳಗೆ ಚಪ್ಪಟೆ ಚೀಲಗಳ ಒಂದು ಪದರ ಇರುತ್ತದೆ. ಕೈಪಿಡಿ ಇವನ್ನು ಮೂರು ಬೇರೆ ಗುಂಪುಗಳಿಗೆ ಹಂಚಿತ್ತು. ವೋಲ್ವಾಕ್ಸ್ ಹಸಿರು ಪಾಚಿ, ಅದು ನೆಲದ ಗಿಡಗಳ ನೆಂಟ. ಪರಾವಲಂಬಿಗಳಾದ ಜಿಯಾರ್ಡಿಯಾ ಮತ್ತು ಟ್ರೈಕೊಮೊನಾಸ್ ಮೆಟಮೊನಾಡಾ ಗುಂಪು. ಹೀಗೆ ಜೋಡಿಸಿದ ಮೇಲೆ ಪಾಠದ ದಿಕ್ಕೇ ಬದಲಾಯಿತು. "ಇದಕ್ಕೆ ಕಾಲಿದೆಯಾ, ಚಾಟಿಯಿದೆಯಾ" ಅಂತ ಕೇಳುತ್ತಿದ್ದ ಮಕ್ಕಳು "ಇದು ಯಾರ ನೆಂಟ, ಹೇಗೆ ಗೊತ್ತಾಯ್ತು" ಅಂತ ಕೇಳಲು ಶುರು ಮಾಡಿದರು.

ಇನ್ನೊಂದು ಮಾತು ಅವರನ್ನು ತುಂಬಾ ಹಿಡಿದಿಡುತ್ತದೆ. ಇವತ್ತು ಹೆಚ್ಚಿನವರು ಒಪ್ಪುವ ಜೀವವೃಕ್ಷದಲ್ಲಿ ಅಮೀಬೊಜೋವಾದ ಅತಿ ಹತ್ತಿರದ ದೊಡ್ಡ ಗುಂಪು ಯಾವುದು ಅಂದರೆ ಪ್ರಾಣಿಗಳು ಮತ್ತು ಶಿಲೀಂಧ್ರಗಳು ಇರುವ ಒಪಿಸ್ಥೊಕಾಂಟಾ. ಅಂದರೆ ಅಮೀಬಾ ಪ್ರೋಟಿಯಸ್ ನೆಗ್ಲೇರಿಯಾಗಿಂತ, ಯೂಗ್ಲೈಫಾಗಿಂತ ನಮಗೇ ಹತ್ತಿರ. ಲೆನ್ಸ್‌ನ ಕೆಳಗಿರುವ ಎರಡು ಅಮೀಬಾಗಳ ನಡುವಿನ ದೂರ, ಅದರಲ್ಲೊಂದಕ್ಕೂ ನೋಡುತ್ತಿರುವವರಿಗೂ ನಡುವಿನ ದೂರಕ್ಕಿಂತ ಜಾಸ್ತಿ. ಒಪಿಸ್ಥೊಕಾಂಟಾದ ಒಳಗೂ ಅಮೀಬಾಗಳಿವೆ. ನ್ಯೂಕ್ಲಿಯೇರಿಯಾ ಅನ್ನೋ ಸಣ್ಣ ಎಳೆಗಳ ಅಮೀಬಾ ಶಿಲೀಂಧ್ರಗಳ ಹತ್ತಿರದ ನೆಂಟ. ಅದರ ಸ್ಲೈಡ್ ಬಾಕ್ಸ್‌ನಲ್ಲಿ ಇಲ್ಲ. ಮುಂದಿನ ಬಾಕ್ಸ್‌ನಲ್ಲಿ ಸೇರಿಸಿದರೆ ನಾನೇ ಮೊದಲು ತರಿಸುತ್ತೇನೆ.

ಇದೇ ತಯಾರಕರು ಶಿಲೀಂಧ್ರಗಳ ಬಾಕ್ಸ್ ಕೂಡ ಮಾಡುತ್ತಾರೆ. ಅದರ ಪಟ್ಟಿ ನೋಡಿದೆ. ಫೈಸೇರಂ ಮತ್ತು ಫೈಟೊಫ್ಥೊರಾ ಎರಡೂ ಅಲ್ಲಿವೆ. ಲೋಳೆಬೂಷ್ಟು ಅಂತ ಕರೆಯುವ ಫೈಸೇರಂ ಶಿಲೀಂಧ್ರ ಅಲ್ಲ, ಅಮೀಬೊಜೋವಾ, ಅದು ಈ ಬಾಕ್ಸ್‌ಗೆ ಬರಬೇಕು. ಆಲೂಗಡ್ಡೆಯ ಅಂಗಮಾರಿ ರೋಗದ ಫೈಟೊಫ್ಥೊರಾ ನೋಡಲು ಬೂಷ್ಟಿನ ಥರವೇ ಇದೆ, ಆದರೆ ಅದೂ ಸ್ಟ್ರಾಮೆನೊಪೈಲ್. ಅದರ ಕೋಶಭಿತ್ತಿಯ ಮುಖ್ಯ ವಸ್ತುಗಳಲ್ಲಿ ಸೆಲ್ಯುಲೋಸ್ ಇದೆ, ಶಿಲೀಂಧ್ರಗಳಂತೆ ಕೈಟಿನ್ ಮೇಲೆ ನಿಂತದ್ದಲ್ಲ.

ಇದೆಲ್ಲ ಸುಮ್ನೆ ಹೆಸರಿನ ಜಗಳ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪೋದಿಲ್ಲ. ಪ್ಲಾಸ್ಮೋಡಿಯಂನ ಒಳಗೆ ಪಾಚಿಯ ಕಡೆಯಿಂದ ಬಂದ ಒಂದು ಅಂಗಕ ಇದೆ, ಎಪಿಕೋಪ್ಲಾಸ್ಟ್. ಬೆಳಕಿನಿಂದ ಆಹಾರ ಮಾಡುವ ಕೆಲಸ ಬಿಟ್ಟಿದೆ, ಆದರೆ ಅದಿಲ್ಲದೆ ಜೀವಿ ಬದುಕೋದಿಲ್ಲ. ಬ್ಯಾಕ್ಟೀರಿಯಾಗೆ ಕೊಡುವ ಡಾಕ್ಸಿಸೈಕ್ಲಿನ್ ಮಲೇರಿಯಾ ತಡೆಯಲೂ ಕೆಲಸ ಮಾಡೋದು ಈ ಅಂಗಕವನ್ನು ಕೆಡಿಸುವುದರಿಂದ. ಅದರ ಮೂಲ ಪೂರ್ವಜ ಒಂದು ಬ್ಯಾಕ್ಟೀರಿಯಾ ಅನ್ನೋದು ಗೊತ್ತಿಲ್ಲದೆ ಇದು ಅರ್ಥವಾಗೋದಿಲ್ಲ. ಹಾಗಂತ ನೆಂಟಸ್ತಿಕೆ ಒಂದೇ ಎಲ್ಲವನ್ನೂ ಹೇಳುತ್ತದೆ ಅಂತಲೂ ಅಲ್ಲ. ಮೆಟ್ರೊನಿಡಜೋಲ್ ಎಂಟಮೀಬಾಗೂ, ಜಿಯಾರ್ಡಿಯಾಗೂ, ಟ್ರೈಕೊಮೊನಾಸ್‌ಗೂ ಆಗುತ್ತದೆ. ಎಂಟಮೀಬಾ ಉಳಿದೆರಡಕ್ಕೆ ದೂರದ್ದು. ಆದರೆ ಮೂರೂ ಆಮ್ಲಜನಕ ಕಡಿಮೆ ಇರುವ ಕಡೆ ಬದುಕುವ ಜೀವಿಗಳು, ಅವುಗಳೊಳಗಿನ ರಸಾಯನ ಆ ಔಷಧಿಯನ್ನು ವಿಷವಾಗಿ ಬದಲಿಸುತ್ತದೆ. ಬದುಕುವ ರೀತಿಯೂ ತಿಳಿದಿರಬೇಕು, ವಂಶವೂ ತಿಳಿದಿರಬೇಕು. ಕೈಪಿಡಿ ಮೊದಲನೆಯದನ್ನು ಹೇಳಿ ಅದನ್ನೇ ಎರಡನೆಯದು ಅಂತ ಕರೆಯುತ್ತದೆ. ತೊಂದರೆ ಇರೋದು ಅಲ್ಲಿ.

ತಯಾರಕರ ಕಷ್ಟವೂ ನನಗೆ ಅರ್ಥವಾಗುತ್ತದೆ. ಈ ವಿಷಯ ಒಂದು ಕಡೆ ನಿಂತಿಲ್ಲ. ಪ್ರೊಟಿಸ್ಟ್ ತಜ್ಞರ ದೊಡ್ಡ ತಂಡವೊಂದು 2005ರಲ್ಲಿ ಹೊಸ ವರ್ಗೀಕರಣ ಪ್ರಕಟಿಸಿತು. ಅದರಲ್ಲಿ ಆರು ಮಹಾಗುಂಪುಗಳಿದ್ದವು. ಸಾಮ್ರಾಜ್ಯ, ವಂಶ, ವರ್ಗ ಅನ್ನೋ ಹಳೆಯ ಮೆಟ್ಟಿಲುಗಳನ್ನೇ ಕೈಬಿಟ್ಟು ಗುಂಪಿನೊಳಗೆ ಗುಂಪು ಅಂತ ಮಾತ್ರ ತೋರಿಸಿದರು. 2012ರಲ್ಲಿ ಪರಿಷ್ಕರಿಸಿದಾಗ ಆ ಆರರಲ್ಲಿ ಸ್ಟ್ರಾಮೆನೊಪೈಲ್, ಆಲ್ವಿಯೊಲೇಟಾಗಳು ಸೇರಿದ್ದ ಕ್ರೋಮಾಲ್ವಿಯೊಲೇಟಾ ಉಳಿಯಲಿಲ್ಲ. ಸ್ಟ್ರಾಮೆನೊಪೈಲ್, ಆಲ್ವಿಯೊಲೇಟಾ, ರೈಜೇರಿಯಾ ಮೂರೂ ಸೇರಿ ಒಂದು ಗುಂಪಾದವು. 2019ರಲ್ಲಿ ಇನ್ನೊಂದು ಪರಿಷ್ಕರಣೆ ಬಂತು, ಡಿಸ್ಕೋಬಾ, ಮೆಟಮೊನಾಡಾಗಳು ಸೇರಿದ್ದ ಎಕ್ಸ್‌ಕವೇಟಾ ಕೂಡ ಒಂದೇ ಗುಂಪಾಗಿ ಉಳಿಯಲಿಲ್ಲ. ದಪ್ಪ ಕಾಗದದಲ್ಲಿ ಬಣ್ಣದ ಪುಸ್ತಕ ಅಚ್ಚು ಹಾಕಿದರೆ ಅದು ಬೇಗ ಹಳತಾಗುತ್ತದೆ, ನಿಜ. ಅದಕ್ಕೆ ನನ್ನ ಸಲಹೆ: ಸ್ಲೈಡ್‌ಗಳ ವಿವರಣೆ ಪುಸ್ತಕದಲ್ಲಿ ಇರಲಿ, ವರ್ಗೀಕರಣವನ್ನು ಒಂದೇ ಬಿಡಿ ಹಾಳೆಯಲ್ಲಿ ಕೊಡಲಿ. ಬದಲಾದಾಗ ಆ ಹಾಳೆ ಮಾತ್ರ ಬದಲಿಸಿದರೆ ಆಯಿತು. ಹಾಳೆಯ ಮೇಲೆ ಯಾವ ವರ್ಷದ ವರ್ಗೀಕರಣ ಅಂತ ಬರೆದಿರಲಿ.

ಪುಸ್ತಕದ ವಿವರಣೆಗಳು ಕೆಟ್ಟದಾಗಿಲ್ಲ ಅಂತಲೂ ಹೇಳಬೇಕು. ಪ್ಯಾರಮೀಸಿಯಂ ಅಡ್ಡಲಾಗಿ ಸೀಳುವ ಸ್ಲೈಡ್ ಮತ್ತು ಎರಡು ಕೂಡಿಕೊಂಡಿರುವ ಸ್ಲೈಡ್, ಇವೆರಡರ ಪಕ್ಕದಲ್ಲಿ ಕೊಟ್ಟಿರುವ ರೇಖಾಚಿತ್ರ ತುಂಬಾ ಉಪಯೋಗಕ್ಕೆ ಬರುತ್ತದೆ.

ಸ್ಲೈಡ್‌ಗಳಲ್ಲಿ ಸೋತದ್ದು ಎರಡು. ಯೂಗ್ಲೀನಾ ಸ್ಲೈಡಿನಲ್ಲಿ ಬಣ್ಣ ಜಾಸ್ತಿಯಾಗಿ ಒಳಗಿನದ್ದೇನೂ ಕಾಣೋದಿಲ್ಲ, ಕಶಾಂಗವೂ ಸಿಗೋದಿಲ್ಲ. ಅದನ್ನು ಕೊಳದ ನೀರಿನಲ್ಲಿ ಜೀವಂತವಾಗಿ ನೋಡುವುದೇ ಒಳ್ಳೆಯದು. ಪ್ಲಾಸ್ಮೋಡಿಯಂನ ರಕ್ತಲೇಪ ತೆಳುವಾಗಿ, ಸಮವಾಗಿ ಬಂದಿದೆ, ಆದರೆ ಉಂಗುರದ ಹಂತ ಹುಡುಕಲು ತುಂಬಾ ಹೊತ್ತು ಬೇಕು. ಒಂದು ತರಗತಿಯ ಅವಧಿಯಲ್ಲಿ ಎಲ್ಲರಿಗೂ ತೋರಿಸಲು ಆಗೋದಿಲ್ಲ. ಮೊದಲೇ ಹುಡುಕಿ ಮೈಕ್ರೋಸ್ಕೋಪಿನ ಸ್ಟೇಜ್ ಅಳತೆ ಬರೆದಿಟ್ಟುಕೊಳ್ಳಿ.

ಕೊಳ್ಳುವವರು ಬಾಕ್ಸ್ ಬಂದ ಕೂಡಲೇ ಮೂರು ಸ್ಲೈಡ್ ಪರೀಕ್ಷಿಸಿ. ಅಮೀಬಾ ಪ್ರೋಟಿಯಸ್‌ನಲ್ಲಿ ಮಿಥ್ಯಾಪಾದ ಚಾಚಿಕೊಂಡಿರುವ ಒಂದಾದರೂ ಕೋಶ ಇರಬೇಕು. ಯೂಗ್ಲೈಫಾದಲ್ಲಿ ಬಿಲ್ಲೆಗಳ ಸಾಲು ಕಾಣಬೇಕು. ಓಪಲೈನಾದಲ್ಲಿ ಕೋಶಕೇಂದ್ರಗಳು ಬಿಡಿಬಿಡಿಯಾಗಿ ಕಾಣಬೇಕು. ಕವರ್ ಸ್ಲಿಪ್‌ನ ಅಂಚಿನಿಂದ ಗಾಳಿಗುಳ್ಳೆ ಒಳಗೆ ಹೋಗಿದೆಯಾ ಅಂತಲೂ ನೋಡಿ. ನನ್ನ ಬಾಕ್ಸ್‌ನ ವೋರ್ಟಿಸೆಲ್ಲಾ ಸ್ಲೈಡಿನಲ್ಲಿ ಹಾಗಾಗಿತ್ತು. ಫೋಟೋ ಕಳಿಸಿದೆ, ಆ ಒಂದು ಸ್ಲೈಡನ್ನು ತಕರಾರಿಲ್ಲದೆ ಬದಲಿಸಿ ಕೊಟ್ಟರು. ವರ್ಗೀಕರಣದ ಬಗ್ಗೆಯೂ ಅವರಿಗೆ ವಿವರವಾಗಿ ಬರೆದಿದ್ದೇನೆ. ಓಪಲೈನಾ, ಯೂಗ್ಲೈಫಾ, ಆ್ಯಕ್ಟಿನೊಸ್ಫೀರಿಯಂ, ನೆಗ್ಲೇರಿಯಾ ಈ ನಾಲ್ಕನ್ನಾದರೂ ಮುಂದಿನ ಮುದ್ರಣದಲ್ಲಿ ಸರಿಯಾದ ಜಾಗಕ್ಕೆ ಹಾಕಿ ಅಂತ ಕೇಳಿದ್ದೇನೆ. ನೀವು ಕೊಂಡರೆ ನೀವೂ ಒಂದು ಸಾಲು ಬರೆಯಿರಿ. ಕೇಳುವವರು ಹೆಚ್ಚಾದರೆ ಬದಲಿಸುವ ಸಾಧ್ಯತೆಯೂ ಹೆಚ್ಚು.